ಅಮ್ಮಿಯ ಕೆಂಪು ಓಢನಿ

2024ರ ಈದುಲ್ ಫಿತ್ರ್ ದಿನದ ಮಧ್ಯಾಹ್ನ. ಅಂಕೋಲೆಯಿಂದ ನನ್ನ ತಂಗಿ ಗಂಡ, ಮಕ್ಕಳೊಂದಿಗೆ ಕಾರವಾರದ ನಮ್ಮ ಮನೆಗೆ ಬಂದಿದ್ದಳು. ಮಕ್ಕಳು ಮೂಲೆಯಲ್ಲಿ ಕುಳಿತು ಈದಿಯ ಹಣ ಎಣಿಸುತ್ತಿದ್ದರು. ನಾನು ಶೀರ್ ಖುರ್ಮಾದ ಬಟ್ಟಲುಗಳನ್ನು ಹಿಡಿದು ಹೊರಗೆ ಬಂದಾಗ ತಂಗಿ ದಿವಾನ್ ಮೇಲಿದ್ದ ಹೊಸ ದಿಂಬೊಂದನ್ನು ಮಡಿಲಲ್ಲಿಟ್ಟುಕೊಂಡು ಅದರ ಅಂಚಿನ ಗೋಟಾವನ್ನು ಬೆರಳಿನಿಂದ ಸವರುತ್ತಿದ್ದಳು.

“ಆಪಾ, ಇದು ಅಮ್ಮಿಯ ಓಢನಿ ಅಲ್ವಾ?”

“ಹೌದು. ಚೆನ್ನಾಗಿ ಬಂದಿದೆ ಅಲ್ವಾ? ರಮಝಾನ್‌ಗೆ ಮೊದಲೇ ಹೊಲಿದಿಟ್ಟಿದ್ದೆ.”

ಅವಳು ದಿಂಬನ್ನು ಮೆಲ್ಲಗೆ ಇದ್ದಲ್ಲೇ ಇಟ್ಟಳು. ಆಮೇಲೆ ಸ್ವಲ್ಪವೂ ಸ್ವರ ಏರಿಸದೆ ಕೇಳಿದಳು: “ಅದು ನಿನ್ನೊಬ್ಬಳದೇ ಆಗಿತ್ತಾ?”

ನನಗೆ ಉತ್ತರ ಹೊಳೆಯಲಿಲ್ಲ. ತಂಗಿ ಶೀರ್ ಖುರ್ಮಾ ಮುಟ್ಟಲಿಲ್ಲ. ಅಸ್ರ್ ನಮಾಝ್ ಆದ ಕೂಡಲೇ ಬಸ್ಸಿಗೆ ಹೊತ್ತಾಯಿತೆಂದು ಮಕ್ಕಳನ್ನು ಎಬ್ಬಿಸಿದಳು. ಮುಂದಿನ ಐದು ವಾರ ನನ್ನ ಫೋನು ಎತ್ತಲಿಲ್ಲ.

ಈಗ ಹಿಂದಿನದನ್ನು ಸ್ವಲ್ಪ ಹೇಳಬೇಕು. ನಮ್ಮ ಅಬ್ಬಾ ಅಂಕೋಲೆ ಪೇಟೆಯಲ್ಲಿ ದರ್ಜಿಯಾಗಿದ್ದರು. ಒಂದು ಉಷಾ ಯಂತ್ರ, ಒಂದು ಮರದ ಮೇಜು, ಗೋಡೆಗೆ ಒರಗಿಸಿದ ಒಂದು ಕನ್ನಡಿ, ಇಷ್ಟೇ ಅಂಗಡಿ. ಸಂಜೆ ಮನೆಗೆ ಬರುವಾಗ ಅವರ ಕೈಯಲ್ಲಿ ಒಂದು ಚೀಲ ಇರುತ್ತಿತ್ತು. ತಿಂಡಿ ಇರಬಹುದೆಂದು ನಾವು ಮೂವರೂ ಓಡುತ್ತಿದ್ದೆವು. ಹೆಚ್ಚಿನ ದಿನ ಅದರಲ್ಲಿ ಇರುತ್ತಿದ್ದುದು ತುಂಡು ಬಟ್ಟೆ. ಆದರೆ ಗೇಣಗಲಕ್ಕಿಂತ ದೊಡ್ಡ ತುಂಡನ್ನು ಅವರು ಎಂದೂ ಮನೆಗೆ ತಂದವರಲ್ಲ. ಹೊಲಿದ ಬಟ್ಟೆಯೊಂದಿಗೆ ಉಳಿದ ತುಂಡನ್ನೂ ಮಡಚಿ ಗಿರಾಕಿಗೆ ಕೊಡುತ್ತಿದ್ದರು. “ಬೇಡ ದರ್ಜಿಯವರೇ, ನೀವೇ ಇಟ್ಟುಕೊಳ್ಳಿ” ಎಂದು ಗಿರಾಕಿಯೇ ಹೇಳಿದರೆ ಮಾತ್ರ ಅದು ಚೀಲಕ್ಕೆ ಬರುತ್ತಿತ್ತು. ಅಂಗಡಿಯಲ್ಲಿ ಆಗ ಹತ್ತು ವರ್ಷದ ನಾನು ಗುಂಡಿ ಹಾಕುತ್ತಾ ಕುಳಿತು ಇದನ್ನೆಲ್ಲ ನೋಡಿದ್ದೇನೆ. ನೋಡಿದ್ದು ಬೇರೆ, ಕಲಿತದ್ದು ಬೇರೆ ಎಂದು ಈಗ ಅನಿಸುತ್ತದೆ.

ಆ ಚೀಲ ಅಮ್ಮಿಯ ಕೈಗೆ ಹೋದ ಮೇಲೆ ಏನೂ ವ್ಯರ್ಥವಾಗುತ್ತಿರಲಿಲ್ಲ. ಸ್ವಲ್ಪ ದೊಡ್ಡ ತುಂಡುಗಳನ್ನು ಜೋಡಿಸಿ ಕುರ್‌ಆನ್‌ಗೆ ಜುಝ್‌ದಾನ್ ಹೊಲಿಯುತ್ತಿದ್ದರು. ಅದಕ್ಕಿಂತ ಚಿಕ್ಕದು ಬಿಸಿ ಪಾತ್ರೆ ಹಿಡಿಯುವ ಬಟ್ಟೆಯಾಗುತ್ತಿತ್ತು ಅಥವಾ ಗೋಧಡಿಗೆ ಸೇರುತ್ತಿತ್ತು. ಬೆರಳಗಲದ ಚೂರು ದಿಂಬಿನ ಹೊಟ್ಟೆಗೆ. ಕೊನೆಗೆ ನೆಲದಲ್ಲಿ ಉಳಿದ ದಾರದ ತುಣುಕುಗಳನ್ನೂ ಗುಡಿಸಿ ಸೂಜಿ ಚುಚ್ಚಿಡುವ ಪುಟ್ಟ ದಿಂಬಿಗೆ ತುಂಬುತ್ತಿದ್ದರು. ಯಾವುದನ್ನಾದರೂ ಹೊರಗೆ ಎಸೆಯಲು ಹೋದರೆ ಅಡುಗೆ ಮನೆಯಿಂದಲೇ “ಫೆಂಕೋ ನಕ್ಕೋ!” ಎಂಬ ಕೂಗು ಬರುತ್ತಿತ್ತು. ಎಸೆಯಬೇಡ ಎಂದರ್ಥ. ಅಮ್ಮಿಗೆ ಕಣ್ಣು ಬೆನ್ನಲ್ಲಿದೆ ಎಂದು ನನ್ನ ತಮ್ಮ ತಮಾಷೆ ಮಾಡುತ್ತಿದ್ದ.

ತಮ್ಮ ದಮ್ಮಾಮಿಗೆ ಹೋದ ಮೇಲೆ ಮನೆಯಲ್ಲಿ ನಿಡೋ ಡಬ್ಬಿಗಳು ತುಂಬಿದವು. ಗಲ್ಫಿಗೆ ಹೋದವರಿರುವ ನಮ್ಮ ಕರಾವಳಿಯ ಮನೆಗಳಲ್ಲಿ ಈ ಹಳದಿ ಡಬ್ಬಿ ಇಲ್ಲದ ಅಡುಗೆ ಮನೆ ಕಡಿಮೆ. ಒಂದರಲ್ಲಿ ಕೊತ್ತಂಬರಿ, ಒಂದರಲ್ಲಿ ಒಣ ಸಿಗಡಿ. ಒಲೆಯ ಪಕ್ಕದ ಡಬ್ಬಿಯೊಂದು ಮಾತ್ರ ಬೇರೆ. ಪ್ರತಿ ಸಲ ಅನ್ನಕ್ಕೆ ಅಕ್ಕಿ ಅಳೆಯುವಾಗ ಅಮ್ಮಿ ಒಂದು ಹಿಡಿ ತೆಗೆದು ಅದಕ್ಕೆ ಹಾಕುತ್ತಿದ್ದರು. ಡಬ್ಬಿ ತುಂಬಿದಾಗ ಅದು ಕೇರಿಯ ಯಾವುದಾದರೂ ಮನೆಗೆ ಹೋಗುತ್ತಿತ್ತು. ಯಾವ ಮನೆಗೆ ಎಂದು ನಮಗೆ ಹೇಳುತ್ತಿರಲಿಲ್ಲ. ಖಾಲಿ ಡಬ್ಬಿ ಮರಳಿ ಬರುವಾಗ ಕೆಲವೊಮ್ಮೆ ಅದರಲ್ಲಿ ನಾಲ್ಕು ನುಗ್ಗೆಕಾಯಿ ಇರುತ್ತಿದ್ದವು.

ಅಮ್ಮಿ 2022ರ ಮಳೆಗಾಲದಲ್ಲಿ ತೀರಿಕೊಂಡರು. ಅಬ್ಬಾ ಅದಕ್ಕೆ ಬಹಳ ಮೊದಲೇ ಹೋಗಿದ್ದರು. ಕೊನೆಯ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದ ಅಮ್ಮಿಯನ್ನು ನೋಡಿಕೊಂಡವಳು ತಂಗಿ. ಅವಳನ್ನು ಅಂಕೋಲೆಯಲ್ಲೇ, ನಮ್ಮ ಮನೆಯಿಂದ ಎರಡು ಗಲ್ಲಿ ಆಚೆ ಮದುವೆ ಮಾಡಿ ಕೊಟ್ಟಿತ್ತು. ನಾನು ಕಾರವಾರದಿಂದ ರವಿವಾರ ಹೋಗಿ ಸಂಜೆ ಮರಳುತ್ತಿದ್ದೆ. ಹೆದ್ದಾರಿಯಲ್ಲಿ ಸುಮಾರು 35 ಕಿ.ಮೀ. ಹೆಚ್ಚೇನೂ ದೂರವಲ್ಲ, ಆದರೂ ರಾತ್ರಿ ಎದ್ದು ನೀರು ಕೊಡುವವರಿಗೆ ಅದು ದೂರವೇ.

ಸಾಮಾನು ಹಂಚುವಾಗ ಯಾರೂ ಜಗಳ ಆಡಲಿಲ್ಲ. ಬಂಗಾರವನ್ನು ಶರೀಅತ್‌ನ ಲೆಕ್ಕದಂತೆ ಹಂಚಿಕೊಂಡೆವು. ಉಳಿದದ್ದನ್ನು “ನಿನಗೆ ಬೇಕಾ, ತಗೋ” ಎಂದು ಬಾಯಿ ಮಾತಲ್ಲಿ ಮುಗಿಸಿದೆವು. ಅಬ್ಬಾನ ಯಂತ್ರ, ದಾದಿಯ ಹಿತ್ತಾಳೆಯ ಪಾನ್‌ದಾನ್ ಮತ್ತು ತಾಮ್ರದ ಹಂಡೆ ನನ್ನ ಪಾಲಿಗೆ ಬಂದವು. ಬಟ್ಟೆಯ ಟ್ರಂಕು ಮಾತ್ರ ಅಂಕೋಲೆಯ ಮನೆಯಲ್ಲೇ ಉಳಿಯಿತು. ಅದನ್ನು ಯಾರೂ ತೆರೆಯಲಿಲ್ಲ, ಹಂಚಲೂ ಇಲ್ಲ. ತಮ್ಮನ ಸಂಸಾರ ದಮ್ಮಾಮಿನಲ್ಲಿ. ಮನೆಯ ಬೀಗದ ಕೈ ತಂಗಿಯ ಬಳಿ. ಪ್ರತಿ ಶುಕ್ರವಾರ ಹೋಗಿ ಗುಡಿಸಿ ಬರುತ್ತಾಳೆ.

ನನ್ನ ಪಾಲಿಗೆ ಬಂದ ವಸ್ತುಗಳಿಗೆ ನಾನು ಹೊಸ ಕೆಲಸ ಹುಡುಕಿದೆ. ಹೇಳಿಕೊಳ್ಳುವುದಕ್ಕೆ ನಾಚಿಕೆಯೇನೂ ಇಲ್ಲ, ಅವು ಚೆನ್ನಾಗಿಯೇ ಬಂದಿವೆ. ಯಂತ್ರದ ತಲೆ ಕೆಟ್ಟು ಹೋಗಿತ್ತು. ಬೀಡು ಕಬ್ಬಿಣದ ಕಾಲುಗಳು ಗಟ್ಟಿಯಿದ್ದವು. ಬಡಗಿಯಿಂದ ಮೇಲೆ ಒಂದು ಹಲಗೆ ಹಾಕಿಸಿದೆ. ಈಗ ನನ್ನ ಕಿರಿಯ ಮಗ ಅದರಲ್ಲೇ ಓದುತ್ತಾನೆ, ಓದುತ್ತಾ ಕೆಳಗಿನ ಪೆಡಲನ್ನು ತುಳಿಯುತ್ತಿರುತ್ತಾನೆ. ಗಣಿತ ಕಷ್ಟವಾದಷ್ಟೂ ಪೆಡಲಿನ ವೇಗ ಹೆಚ್ಚು. (ಹೀಗೆ ಮಾಡುವವರು ಪಕ್ಕದ ಚಕ್ರವನ್ನು ಮೊದಲು ಬಿಚ್ಚಿಸಬೇಕು, ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ.) ಪಾನ್‌ದಾನ್‌ನಲ್ಲಿ ಸುಣ್ಣ, ಕಾಚು, ಅಡಿಕೆ ಇರುತ್ತಿದ್ದ ಪುಟ್ಟ ಕುಳಿಗಳಲ್ಲಿ ಈಗ ಗುಂಡಿ, ಹುಕ್ಕು, ಸೂಜಿಗಳಿವೆ. ಎಷ್ಟು ಉಜ್ಜಿದರೂ ಕಾಚಿನ ವಾಸನೆ ಹೋಗಿಲ್ಲ, ಹೋಗುವುದು ನನಗೆ ಬೇಕಾಗಿಯೂ ಇಲ್ಲ. ಹಂಡೆಯನ್ನು ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿದ್ದ. ಕೊಡಲಿಲ್ಲ. ಕಲಾಯಿ ಹೋದ ತಾಮ್ರದ ಪಾತ್ರೆಯಲ್ಲಿ ಅಡುಗೆ ಮಾಡುವಂತಿಲ್ಲ, ಹುಳಿ ಪದಾರ್ಥವಂತೂ ತಾಮ್ರದೊಂದಿಗೆ ಸೇರಿ ವಿಷವಾಗುತ್ತದೆ. ಅದೀಗ ಹೊರಬಾಗಿಲ ಬಳಿ ನಿಂತು ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯವರೆಲ್ಲರ ಒದ್ದೆ ಕೊಡೆಗಳನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಕಾರವಾರದ ಮಳೆಗೆ ಅಷ್ಟು ದೊಡ್ಡ ಹೊಟ್ಟೆಯೇ ಬೇಕು.

ಇದನ್ನೆಲ್ಲ ನೋಡಿದವರು ಹೊಗಳಿದರು. ನಾನು ಬೆಳಗ್ಗೆ ಮದ್ರಸದಲ್ಲಿ, ಹಗಲು ಶಾಲೆಯಲ್ಲಿ ಕಲಿಸುವವಳು. ಆಲಿಮಾ ಕೋರ್ಸ್ ಮುಗಿಸಿದ ಮೇಲೆ ಖಾಸಗಿಯಾಗಿ ಕಟ್ಟಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ ಬಿ.ಎ. ಪಾಸಾದೆ. ಶನಿವಾರ ಮಧ್ಯಾಹ್ನ ದೊಡ್ಡ ಹುಡುಗಿಯರಿಗೆ ಕೈಕೆಲಸದ ತರಗತಿ ಆರಂಭಿಸಿದೆ. ಹಳೆಯ ಜೀನ್ಸಿನಿಂದ ಚೀಲ, ಹಳೆಯ ಸೀರೆಯಿಂದ ಪರದೆ, ತೆಂಗಿನ ಕರಟದಿಂದ ಸೌಟು. ತರಗತಿಯ ಆರಂಭದಲ್ಲಿ ಎರಡು ಘಟನೆಗಳನ್ನು ತಪ್ಪದೆ ಹೇಳುತ್ತಿದ್ದೆ. ಒಂದು, ಹಿಜ್‌ರಾದ ಸಂದರ್ಭದ್ದು. ಪ್ರವಾದಿ(ಸ) ಮತ್ತು ಹ. ಅಬೂಬಕರ್(ರ) ಮಕ್ಕಾದಿಂದ ಹೊರಡುವಾಗ ಬುತ್ತಿಯ ಚೀಲ ಕಟ್ಟಲು ಏನೂ ಸಿಗದೆ ಹ. ಅಸ್ಮಾ(ರ) ತಮ್ಮ ಸೊಂಟದ ಪಟ್ಟಿಯನ್ನೇ ಎರಡಾಗಿ ಸೀಳಿ ಕಟ್ಟಿಕೊಟ್ಟರು. ‘ಎರಡು ಪಟ್ಟಿಯವರು’ ಎಂಬ ಹೆಸರೇ ಅವರಿಗೆ ಉಳಿಯಿತು. ಇನ್ನೊಂದು, ಹ. ಆಯಿಶಾ(ರ) ಅವರ ಪರದೆಯದ್ದು. ಚಿತ್ರಗಳಿದ್ದ ಪರದೆ ಪ್ರವಾದಿಯವರಿಗೆ(ಸ) ಇಷ್ಟವಾಗದಿದ್ದಾಗ ಅವರು ಅದನ್ನು ಬಿಸಾಡಲಿಲ್ಲ, ಕತ್ತರಿಸಿ ಒರಗುದಿಂಬು ಮಾಡಿದರು. ಹುಡುಗಿಯರಿಗೆ ಈ ಘಟನೆಗಳು ಬಹಳ ಇಷ್ಟ. ಅಸ್ಮಾ(ರ) ಸೀಳಿದ್ದು ಅವರ ಸ್ವಂತ ಪಟ್ಟಿಯನ್ನು, ಆಯಿಶಾ(ರ) ಕತ್ತರಿಸಿದ್ದು ಅವರದೇ ಮನೆಯ ಪರದೆಯನ್ನು. ಇಷ್ಟು ವರ್ಷ ಹೇಳಿಕೊಂಡು ಬಂದ ನನಗೆ ಈ ಭಾಗ ಹೊಳೆದೇ ಇರಲಿಲ್ಲ.

2024ರ ಜನವರಿಯಲ್ಲಿ ಅಂಕೋಲೆಗೆ ಹೋಗಿದ್ದಾಗ ತಂಗಿ ಅಡುಗೆ ಮಾಡುತ್ತಿದ್ದಳು. ನಾನು ಬೀಗದ ಕೈ ತೆಗೆದುಕೊಂಡು ಹೋಗಿ ಟ್ರಂಕು ತೆರೆದೆ. ಕಬ್ಬಿಣದ ಟ್ರಂಕಿನ ತಳ ತುಕ್ಕು ಹಿಡಿದಿತ್ತು. ಕೆಳಗಿದ್ದ ಎರಡು ಸೀರೆಗಳಿಗೆ ತುಕ್ಕಿನ ಕಲೆ. ಮೇಲಿನ ಪದರದಲ್ಲಿ ಬೂಷ್ಟು. ನಡುವೆ ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟ ಅಮ್ಮಿಯ ನಿಕಾಹ್‌ನ ಕೆಂಪು ಓಢನಿ. ಎರಡು ಮಡಿಕೆಗಳಲ್ಲಿ ಅದು ಆಗಲೇ ಸೀಳಿತ್ತು. ಇನ್ನೆರಡು ಮಳೆಗಾಲ ಕಳೆದರೆ ಪುಡಿಯಾಗುತ್ತದೆ, ಏನಾದರೂ ಮಾಡಬೇಕು ಎನ್ನಿಸಿತು. ಚೀಲಕ್ಕೆ ಹಾಕಿಕೊಂಡು ಕಾರವಾರಕ್ಕೆ ತಂದೆ. ತಂಗಿಗೆ ಹೇಳಲಿಲ್ಲ. ಮುಚ್ಚಿಡಬೇಕೆಂದೇನೂ ಇರಲಿಲ್ಲ, ಕೇಳಬೇಕಾದ ವಿಷಯ ಎಂದೇ ನನಗೆ ಅನಿಸಲಿಲ್ಲ. ನನ್ನ ಅಮ್ಮಿಯ ಓಢನಿ, ನನ್ನ ಕೈಯಲ್ಲಿ ಕತ್ತರಿ, ಇನ್ನೇನು?

ಈದ್ ಆದ ಮೇಲಿನ ವಾರ ಮದ್ರಸದಲ್ಲಿ ಮೀರಾಸ್, ಅಂದರೆ ವಾರಸುದಾರಿಕೆಯ ಪಾಠ ಬಂತು. ಕಪ್ಪು ಹಲಗೆಯ ಮೇಲೆ ಲೆಕ್ಕ ಬರೆದೆ: ತಾಯಿ ತೀರಿಕೊಂಡಿದ್ದಾಳೆ, ಪತಿಯೂ ತಂದೆ ತಾಯಿಯೂ ಮೊದಲೇ ಇಲ್ಲ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಆಸ್ತಿಯನ್ನು ನಾಲ್ಕು ಪಾಲು ಮಾಡಿದರೆ ಮಗನಿಗೆ ಎರಡು, ಹೆಣ್ಣುಮಕ್ಕಳಿಗೆ ಒಂದೊಂದು. ಒಬ್ಬ ಹುಡುಗಿ ಕೈ ಎತ್ತಿ ಕೇಳಿದಳು: “ಟೀಚರ್, ಆಸ್ತಿ ಅಂದರೆ ಜಾಗ, ಬಂಗಾರ ಮಾತ್ರವಾ?” ಪ್ರತಿ ವರ್ಷ ಹೇಳುವ ಉತ್ತರವನ್ನೇ ಹೇಳಿದೆ, ಸೂಜಿಯಿಂದ ಹಿಡಿದು ಮನೆಯ ತನಕ ಸತ್ತವರು ಬಿಟ್ಟುಹೋದ ಪ್ರತಿಯೊಂದರಲ್ಲೂ ಪ್ರತಿಯೊಬ್ಬ ವಾರಸುದಾರನ ಹಕ್ಕಿದೆ ಎಂದು. ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈಯ ಸುಣ್ಣದಕಡ್ಡಿ ನಿಂತುಬಿಟ್ಟಿತು. ನನ್ನ ಮನೆಯ ದಿವಾನ್ ಮೇಲಿದ್ದ ಎರಡು ದಿಂಬುಗಳ ನಾಲ್ಕರಲ್ಲಿ ಮೂರು ಭಾಗ ನನ್ನದಲ್ಲ.

ಶಾಲೆಯ ಸಹೋದ್ಯೋಗಿ ಟೀಚರ್ ಒಬ್ಬರಲ್ಲಿ ಈ ವಿಷಯ ಹೇಳಿಕೊಂಡೆ. ಅವರ ಗಂಡನ ಮನೆಯವರು ಸೀಬರ್ಡ್ ನಿರಾಶ್ರಿತರು. ಹೊಸ ತಲೆಮಾರಿನ ಓದುಗರಿಗಾಗಿ ಹೇಳುತ್ತೇನೆ, ಕಾರವಾರ ಮತ್ತು ಅಂಕೋಲೆ ತಾಲೂಕುಗಳ ಕಡಲ ಬದಿಯ ಹಲವು ಹಳ್ಳಿಗಳ ಜನ ನೌಕಾನೆಲೆಗಾಗಿ ಮನೆ ಬಿಟ್ಟರು. 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಿಲಾನ್ಯಾಸ ಮಾಡಿದ ಆ ಯೋಜನೆ 2005ರಲ್ಲಿ ಐಎನ್‌ಎಸ್ ಕದಂಬ ಆಯಿತು. ಈಗಲೂ ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಹೋಗುವಾಗ ಬಿಣಗಾ ದಾಟಿದರೆ ಅರ್ಗಾದ ಬಳಿ ಕಡಲ ಬದಿಗೆ ನೌಕಾಪಡೆಯ ಆವರಣ ಕಾಣುತ್ತದೆ. ಅದರಾಚೆ ಮನೆಗಳಿದ್ದವು, ತೆಂಗಿನ ತೋಟಗಳಿದ್ದವು.

ಆ ಟೀಚರ್ ನನ್ನನ್ನು ಮನೆಗೆ ಕರೆದೊಯ್ದು ಊಟದ ಮೇಜು ತೋರಿಸಿದರು. ಹಳೆಯ ಮನೆಯ ಮುಂಬಾಗಿಲು ಅದು, ಹಲಸಿನ ಮರದ್ದು. ಬಿಡುವಾಗ ಬಾಗಿಲನ್ನು ಕಿತ್ತು ಲಾರಿಯಲ್ಲಿ ತಂದರಂತೆ. ಹೊಸ ಜಾಗದ ಕಾಂಕ್ರೀಟ್ ಮನೆಗೆ ಅದು ಅಗಲ ಹೆಚ್ಚು, ಎತ್ತರ ಕಡಿಮೆ. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ಬಿದ್ದಿತ್ತು. ಮೇಜು ಮಾಡೋಣ ಎಂಬ ಯೋಚನೆ ಸೊಸೆಯಾದ ಈ ಟೀಚರದ್ದೇ. ಆದರೆ ಮೂವರು ಅಣ್ಣತಮ್ಮಂದಿರೂ ಒಪ್ಪುವ ತನಕ ಬಡಗಿಯನ್ನು ಕರೆಸಲಿಲ್ಲ. ಮುಂಬೈಯಲ್ಲಿದ್ದ ಒಬ್ಬರಿಗೆ ಮೂರು ಸಲ ಫೋನ್ ಹೋಯಿತು. ಕೊನೆಗೆ ಅತ್ತೆಯವರು ಒಂದು ಷರತ್ತು ಹಾಕಿದರು: ಚಿಲಕ ತೆಗೆಯಬಾರದು. ಹಾಗಾಗಿ ಮೇಜಿನ ನಡುವೆ ಇವತ್ತಿಗೂ ಕಬ್ಬಿಣದ ಚಿಲಕವಿದೆ. ತಟ್ಟೆ ಸರಿಯಾಗಿ ಕೂರುವುದಿಲ್ಲ, ಬಡಿಸುವವರ ಕೈಗೆ ತಾಗುತ್ತದೆ. “ನಮಗೆ ರೂಢಿಯಾಗಿದೆ, ಚಿಲಕದ ಸುತ್ತಲೇ ಊಟ ಮಾಡುತ್ತೇವೆ” ಎಂದು ಟೀಚರ್ ನಕ್ಕರು. ನನಗೆ ನಗು ಬರಲಿಲ್ಲ. ಆ ಬಾಗಿಲನ್ನು ಕತ್ತರಿಸಲು ಅವರಿಗೆ ವರ್ಷಗಳೇ ಬೇಕಾದವು. ನನಗೆ ಒಂದು ಶನಿವಾರ ಸಾಕಾಗಿತ್ತು.

ಅದೇ ರಾತ್ರಿ ಹಳಿಯಾಳ ನೆನಪಾಯಿತು. ಮದುವೆಗೆ ಮೊದಲು ಒಂದೂವರೆ ವರ್ಷ ನಾನು ಹಳಿಯಾಳ ತಾಲೂಕಿನ ಒಂದು ಹಳ್ಳಿಯ ಮದ್ರಸದಲ್ಲಿ ಕಲಿಸುತ್ತಿದ್ದೆ. ಅಲ್ಲಿ ಸಿದ್ದಿ ಮಕ್ಕಳು ಬಹಳ. ಸಿದ್ದಿಗಳ ಹಿರಿಯರು ಆಫ್ರಿಕದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ನಮ್ಮ ಉತ್ತರ ಕನ್ನಡದ ಕಾಡು ಸೇರಿದರು. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಸರಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿತು. ಆ ಹೆಂಗಸರು ಹೊಲಿಯುವ ಕೌದಿಯನ್ನು, ಅವರ ಬಾಯಲ್ಲಿ ಕವಂದಿಯನ್ನು, ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಅಧ್ಯಯನ ಮಾಡಿ ಅಮೆರಿಕದಲ್ಲಿ ಪ್ರದರ್ಶನಕ್ಕೂ ಇಟ್ಟರು. ನಾನು ನೋಡುವಾಗ ಅದು ಮನೆಯ ಜಗಲಿಯ ಮೇಲೆ ಮಳೆಗಾಲದ ಬಿಡುವಿನ ಕೆಲಸವಷ್ಟೇ ಆಗಿತ್ತು.

ಅವರು ಹೊಸ ಬಟ್ಟೆ ಕೊಳ್ಳುವುದಿಲ್ಲ. ಮನೆಯವರು ಉಟ್ಟು ಹಳತಾದ ಬಟ್ಟೆಯೇ ಸರಕು. ಹಿನ್ನೆಲೆಗೆ ಹಳೆಯ ಸೀರೆ, ಅದರ ಮೇಲೆ ಚೂರುಗಳು. ಒಂದು ಮೂಲೆಯಿಂದ ಆರಂಭಿಸಿ ಅಂಚಿನುದ್ದಕ್ಕೂ ಚೂರು ಇಟ್ಟು ಹೊಲಿಯುತ್ತಾ ಸುತ್ತು ಬರುತ್ತಾರೆ. ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾವು ಗೋಧಡಿಯನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಗೆರೆ ಎಳೆದಂತೆ ಹೊಲಿಯುವವರು, ಅದು ಬೇರೆಯೇ ಕ್ರಮ. ಒತ್ತೊತ್ತಾಗಿ ಬೀಳುವ ಹೊಲಿಗೆಯಿಂದ ಜೀರ್ಣವಾದ ಬಟ್ಟೆಗೂ ಬಲ ಬರುತ್ತದೆ, ಎಳೆತ ಒಂದೇ ಕಡೆ ಬೀಳುವುದಿಲ್ಲ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವಿನಂತೆ ಹೊಲಿಯುತ್ತಾರೆ. ಅದಕ್ಕೆ ‘ಫುಲಾ’ ಎನ್ನುತ್ತಾರೆ. ಫುಲಾ ಇಲ್ಲದ ಕವಂದಿ ಅವರ ಕಣ್ಣಿಗೆ ಬತ್ತಲೆ. ಮುಸ್ಲಿಮ್ ಮನೆಗಳ ಕವಂದಿಯಲ್ಲಿ ಕೆಲವೊಮ್ಮೆ ಅರ್ಧಚಂದ್ರ ಕಾಣುತ್ತದೆ, ಕ್ರೈಸ್ತರದರಲ್ಲಿ ಶಿಲುಬೆ.

ನನ್ನ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಕವಂದಿ ಹೊಲಿಯುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದೆ. ಯಾವ ಚೂರು ಯಾರದ್ದೆಂದು ಆಕೆಗೆ ಬಾಯಿಪಾಠ. ಇದು ಮಗನ ಅಂಗಿ, ಇದು ಸೊಸೆಯ ಸೀರೆ, ಇದು ಮೊಮ್ಮಗಳ ಶಾಲೆಯ ಲಂಗ, ಇದು ತೀರಿಹೋದ ಗಂಡನ ಲುಂಗಿ. “ಎಲ್ಲರ ಬಟ್ಟೆ ಯಾಕೆ ಸೇರಿಸುತ್ತೀರಿ?” ಎಂದು ಕೇಳಿದ್ದಕ್ಕೆ ಆಕೆ, ಎಲ್ಲರೂ ಹೊದೆಯುವುದಲ್ಲವಾ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದ್ದರು.

ಮೇ ತಿಂಗಳ ರಜೆಯಲ್ಲಿ, ಫೋನು ಎತ್ತದಿದ್ದರೂ ಹೋಗಿಯೇ ಬಿಡುವುದೆಂದು ಅಂಕೋಲೆಯ ಬಸ್ಸು ಹತ್ತಿದೆ. ಹಿಂದಿನ ರಾತ್ರಿ ಎರಡೂ ದಿಂಬುಗಳ ಹೊಲಿಗೆ ಬಿಚ್ಚಿದ್ದೆ. ಹಳೆಯ ರೇಷ್ಮೆಯ ಹೊಲಿಗೆ ಬಿಚ್ಚುವಾಗ ದಾರ ಎಳೆಯಬಾರದು, ಬಟ್ಟೆಯೇ ಜೊತೆಗೆ ಬರುತ್ತದೆ. ಒಂದೊಂದೇ ಹೊಲಿಗೆಯನ್ನು ಬ್ಲೇಡಿನ ತುದಿಯಿಂದ ಕತ್ತರಿಸಿ ತೆಗೆಯಬೇಕು. ಮುಗಿಯುವಾಗ ತಹಜ್ಜುದ್‌ನ ಹೊತ್ತು. ದೊಡ್ಡ ತುಂಡು ನಾಲ್ಕು, ಉದ್ದದ ಪಟ್ಟಿ ಎರಡು, ಚಿಕ್ಕ ಚೂರು ಒಂಬತ್ತು. ಗೋಟಾವನ್ನು ಬೇರೆ ಸುತ್ತಿಟ್ಟೆ.

ಅಂಕೋಲೆ ಪೇಟೆಯಲ್ಲಿ ಬುಟ್ಟಿ ಇಟ್ಟುಕೊಂಡು ಕುಳಿತ ಹಾಲಕ್ಕಿ ಹೆಂಗಸರ ಬಳಿ ಕರಿ ಈಶಾಡ ಬಂದಿತ್ತು. ನಮ್ಮ ಈ ಮಾವಿಗೆ 2023ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ಒಂದು ಡಜನ್ ತೆಗೆದುಕೊಂಡೆ. ಕ್ಷಮೆ ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಲು ನನಗೆ ಧೈರ್ಯ ಸಾಲಲಿಲ್ಲ.

ತಂಗಿ ಮಾವು ತೆಗೆದುಕೊಂಡಳು, ಕುಳಿತುಕೋ ಎನ್ನಲಿಲ್ಲ. ನಾನೇ ಅಮ್ಮಿಯ ಮನೆಯ ಬೀಗದ ಕೈ ಕೇಳಿದೆ. ಅವಳೂ ಜೊತೆಗೆ ಬಂದಳು. ನಡುಮನೆಯಲ್ಲಿ ಚಾಪೆ ಹಾಸಿ ತುಂಡುಗಳನ್ನೆಲ್ಲ ಹರಡಿದೆ. “ನನ್ನ ತಪ್ಪು. ಕೇಳದೆ ತೆಗೆದುಕೊಂಡೆ, ಕೇಳದೆ ಕತ್ತರಿಸಿದೆ. ನಾಲ್ಕು ಪಾಲಾಗಿ ಇಟ್ಟಿದ್ದೇನೆ, ನಿನ್ನದನ್ನು ನೀನು ತಗೋ” ಎಂದೆ.

ಅವಳು ಬಹಳ ಹೊತ್ತು ಆ ತುಂಡುಗಳನ್ನೇ ನೋಡುತ್ತಾ ಕುಳಿತಳು. ಆಮೇಲೆ ನನಗೆ ಗೊತ್ತಿಲ್ಲದ ವಿಷಯ ಹೇಳಿದಳು. ಕೊನೆಯ ವರ್ಷ ಅಮ್ಮಿಗೆ ನೆನಪು ಆಗಾಗ ತಪ್ಪುತ್ತಿತ್ತು. ರಾತ್ರಿ ಎದ್ದು ಅಬ್ಬಾನನ್ನು ಕರೆಯುತ್ತಿದ್ದರು. ಆಗೆಲ್ಲ ತಂಗಿ ಟ್ರಂಕಿನಿಂದ ಆ ಓಢನಿ ತೆಗೆದು ಅವರ ಕೈಗೆ ಕೊಡುತ್ತಿದ್ದಳಂತೆ. ಗೋಟಾದ ಅಂಚನ್ನು ಬೆರಳಿನಿಂದ ಸವರುತ್ತಾ ಅಮ್ಮಿ ನಿದ್ದೆ ಹೋಗುತ್ತಿದ್ದರು. ಮಡಿಕೆಯಲ್ಲಿ ಸೀಳಿದ್ದು ಹಳತಾಗಿ ಮಾತ್ರವಲ್ಲ. ಎಷ್ಟೋ ರಾತ್ರಿ ಅದನ್ನು ಬಿಚ್ಚಿ, ಮತ್ತೆ ಮಡಚಿ ಇಟ್ಟದ್ದರಿಂದ.

ರವಿವಾರ ಬಂದು ಸಂಜೆ ಹೋಗುತ್ತಿದ್ದ ನನಗೆ ಇದು ಹೇಗೆ ಗೊತ್ತಾಗಬೇಕು? ಕೇಳಿದ್ದರೆ ಗೊತ್ತಾಗುತ್ತಿತ್ತು.

ತಮ್ಮನಿಗೆ ವೀಡಿಯೋ ಕಾಲ್ ಮಾಡಿದೆವು. ಅವನು ಮೊದಲು ನಕ್ಕ. “ಎರಡು ಪಾಲು ನನ್ನದಾ? ನಾನು ಇಲ್ಲಿ ಓಢನಿ ಹಾಕಿಕೊಂಡು ಸೈಟಿಗೆ ಹೋಗಬೇಕಾ? ನೀವಿಬ್ಬರೇ ಹಂಚಿಕೊಳ್ಳಿ, ನಾನು ಖುಷಿಯಿಂದ ಬಿಟ್ಟುಕೊಟ್ಟೆ.” ಮಾತು ಬೇರೆ ಕಡೆ ಹೋಯಿತು, ಮಕ್ಕಳ ಪರೀಕ್ಷೆ, ದಮ್ಮಾಮಿನ ಸೆಖೆ. ಫೋನ್ ಇಡುವ ಮೊದಲು ತಡೆದು ತಡೆದು ಹೇಳಿದ: “ಆಪಾ, ಒಂದು ಚೂರು ಕಳಿಸಿ. ಜೇಬಿನಲ್ಲಿ ಹಿಡಿಸುವಷ್ಟು.” ತಂಗಿ ಅಲ್ಲೇ ಒಂದು ಚೂರಿನ ಅಂಚು ಮಡಚಿ ಹೊಲಿದಳು. ಊರಿಗೆ ಬಂದಿದ್ದ ಪರಿಚಯದವರೊಬ್ಬರ ಕೈಯಲ್ಲಿ ಅದು ಮುಂದಿನ ವಾರ ದಮ್ಮಾಮಿಗೆ ಹೋಯಿತು.

ಆಮೇಲೆ ಟ್ರಂಕನ್ನು ಇಬ್ಬರೂ ಸೇರಿ ಖಾಲಿ ಮಾಡಿದೆವು. ಅಮ್ಮಿ ದಿನವೂ ಉಡುತ್ತಿದ್ದ ಹತ್ತಿಯ ಸೀರೆಗಳು ಆರು. ಅಬ್ಬಾನ ಎರಡು ಲುಂಗಿ. ತಮ್ಮನ ಸುನ್ನತಿಯ ದಿನದ ಹಸಿರು ಕುರ್ತಾ. ತಂಗಿಯ ಶಾಲೆಯ ನೀಲಿ ಲಂಗ. ತಳದಲ್ಲಿ ನನ್ನ ಆಲಿಮಾ ಸನದ್‌ನ ದಿನ ಅಮ್ಮಿಯೇ ಹೊಲಿದುಕೊಟ್ಟಿದ್ದ ಬಿಳಿಯ ದುಪಟ್ಟಾ. ಅದು ಕಳೆದುಹೋಗಿದೆ ಎಂದು ಇಷ್ಟು ವರ್ಷ ತಿಳಿದಿದ್ದೆ. ಪ್ರತಿಯೊಂದನ್ನೂ ಎತ್ತಿ “ಇದನ್ನು ಕತ್ತರಿಸಲಾ?” ಎಂದು ನಾನು ಕೇಳುವುದು, ತಂಗಿ “ಹೂಂ” ಅಥವಾ “ಉಹೂಂ” ಎನ್ನುವುದು. ಹಸಿರು ಕುರ್ತಾಕ್ಕೆ ಉಹೂಂ. ನೀಲಿ ಲಂಗಕ್ಕೆ ಹೂಂ. ಅಬ್ಬಾನ ಲು೦ಗಿಗಳಲ್ಲಿ ಒಂದಕ್ಕೆ ಹೂಂ, ಒಂದಕ್ಕೆ ಉಹೂಂ.

ಗೋಧಡಿ ಮಾಡಲು ಕುಳಿತೆವು. ಹಳೆಯ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ನೂಲು ತೆಳುವಾಗಿ ಬೆಳಕು ಧಾರಾಳವಾಗಿ ಬಂದರೆ ಅದನ್ನು ಒಳಪದರಕ್ಕೆ ಹಾಕಬೇಕು, ಗಟ್ಟಿಯಿರುವುದು ಹೊರಗೆ. ಬೂಷ್ಟು ಹಿಡಿದದ್ದನ್ನು ಮೊದಲು ಬಿಸಿಲಲ್ಲಿ ಒಣಗಿಸಿ ಕೊಡವಿ, ಆಮೇಲೆ ತೊಳೆಯಬೇಕು. ಹಲವು ಸಲ ಒಗೆದು ಮೆತ್ತಗಾದ ಹತ್ತಿ ಬೆವರು ಹೀರುತ್ತದೆ, ಹಸುಗೂಸಿನ ಚರ್ಮಕ್ಕೆ ಉಜ್ಜುವುದಿಲ್ಲ, ಅದಕ್ಕೇ ಬಾಣಂತಿಯ ಕೋಣೆಗೆ ಗೋಧಡಿ. ಜರಿ, ಗೋಟಾ ಇದ್ದದ್ದನ್ನು ಗೋಧಡಿಗೆ ಹಾಕಬಾರದು. ಅಂಥವನ್ನು ಹಾಗೇ ಉಳಿಸುವವರು ಮೆತ್ತನೆಯ ಬಿಳಿ ಹತ್ತಿಯಲ್ಲಿ ಸುತ್ತಿ, ಪ್ರತಿ ಸಲ ಮಡಿಕೆಯ ಜಾಗ ಬದಲಿಸಿ ಇಡಬೇಕು. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಒಣಗಿದ ಬೇವಿನ ಎಲೆ, ಲವಂಗವನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಪಕ್ಕದಲ್ಲಿಡುವುದು ಲೇಸು. ಕಬ್ಬಿಣದ ಟ್ರಂಕಾದರೆ ತಳಕ್ಕೆ ಹಳೆಯ ಬೆಡ್‌ಶೀಟ್ ದಪ್ಪವಾಗಿ ಹಾಸಬೇಕು. ಕರಾವಳಿಯ ಉಪ್ಪುಗಾಳಿಗೆ ಬಣ್ಣ ಹಚ್ಚಿದ ಕಬ್ಬಿಣವೂ ತುಕ್ಕು ಹಿಡಿಯದೆ ಇರುವುದಿಲ್ಲ.

ಸಿದ್ದಿ ಅಜ್ಜಿಯ ಕ್ರಮದಂತೆ ಮೂಲೆಯಿಂದ ಸುತ್ತು ಹಾಕೋಣ ಎಂದೆ. ತಂಗಿ ಅಮ್ಮಿಯಂತೆ ಉದ್ದಕ್ಕೆ ಹೊಲಿಯೋಣ ಎಂದಳು. ಅಂಚಿನ ಎರಡು ಸುತ್ತು ಹಳಿಯಾಳದ್ದು, ಒಳಗೆಲ್ಲ ಅಂಕೋಲೆಯದ್ದು ಎಂದು ರಾಜಿಯಾಯಿತು. ನೋಡಲು ಸ್ವಲ್ಪ ವಿಚಿತ್ರವಾಗಿದೆ. ಮೂಲೆಗಳಿಗೆ ನನ್ನ ಪಾಲಿನ ಕೆಂಪು ಚೂರುಗಳಿಂದ ನಾಲ್ಕು ಫುಲಾ ಮಾಡಿದೆ, ಗೋಟಾ ಇಲ್ಲದೆ. ನನ್ನ ರಜೆ ಮುಗಿದ ಮೇಲೆ ಉಳಿದ ಹೊಲಿಗೆಯನ್ನು ತಂಗಿ ಮಳೆಗಾಲದಲ್ಲಿ ಕುಳಿತು ಮುಗಿಸಿದಳು. ಅವಳ ಮಗಳು ಈಗ ಅದನ್ನು ಹೊದೆದು ಮಲಗುತ್ತಾಳೆ. ನೀಲಿ ಚೂರು ಅಮ್ಮಿ ಚಿಕ್ಕವಳಿದ್ದಾಗಿನದ್ದು, ಬಿಳಿ ಚೂರು ಖಾಲಾದು ಎಂದು ಎಣಿಸಿ ಹೇಳುತ್ತಾಳೆ.

ತಂಗಿ ತನ್ನ ಪಾಲಿನ ಕೆಂಪು ತುಂಡುಗಳನ್ನು ಹೊಲಿಯಲಿಲ್ಲ. “ನನ್ನದನ್ನು ನಾನು ಏನೂ ಮಾಡುವುದಿಲ್ಲ ಆಪಾ. ಹಾಗೇ ಇರಲಿ” ಎಂದಳು. ಗೋಟಾವನ್ನೂ ಅವಳೇ ಇಟ್ಟುಕೊಂಡಳು. ಬಿಳಿ ಬಟ್ಟೆಯಲ್ಲಿ ಸುತ್ತಿ, ಹಸಿರು ಕುರ್ತಾದ ಮೇಲೆ ಇಟ್ಟು ಟ್ರಂಕಿಗೆ ಬೀಗ ಹಾಕಿದಳು. ಅವು ಅಲ್ಲಿ ಸುಮ್ಮನೆ ಹಾಳಾಗುತ್ತವಲ್ಲ ಎಂದು ನನಗೆ ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಸುಳ್ಳು ಹೇಳಲಾರೆ. ಆದರೆ ಅವಳೆದುರು ಆ ಮಾತು ಎತ್ತುವುದಿಲ್ಲ.

2024ರ ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಅವಳ ಫೋನ್ ಬಂತು. ಬಿಸಿಲು ಚೆನ್ನಾಗಿದೆ, ಶುಕ್ರವಾರ ಟ್ರಂಕಿನ ಬಟ್ಟೆಗಳನ್ನು ಗಾಳಿಗೆ ಹಾಕುತ್ತೇನೆ, ಮಡಿಕೆ ಬದಲಿಸಬೇಕು, ಒಬ್ಬಳಿಂದ ಆಗುವುದಿಲ್ಲ, ರಜೆ ಹಾಕಿ ಬಾ ಎಂದಳು. ಬರುತ್ತೇನೆ ಎಂದೆ. ಫೋನ್ ಇಡುವಷ್ಟರಲ್ಲಿ ಮತ್ತೆ ಕರೆದಳು.

“ಆಪಾ, ಕತ್ತರಿ ತರಬೇಡ.”